ಕೊನೆಯ ಸ್ವಾನ್‌ನ ಹೊಗೆಗೂಡು

"ಎಲ್ಲಾ ಅಳತೆ ತಗೊಳ್ಳಿ, ಎಲ್ಲಾ ಬಡಿದು ನೋಡ್ಕೊಳ್ಳಿ. ಆ ಹೊಗೆಗೂಡಿನೊಳಕ್ಕೆ ಮಾತ್ರ ಕೈ ಹಾಕ್ಬೇಡಿ, ನನ್ ರಾಜಾ."

ಬಾರ್‌ಕಟ್ಟೆ ಒರೆಸುತ್ತಿದ್ದ ಓಲಿವ್ ಹೆಬ್ಡಿಚ್ ತಲೆ ಎತ್ತದೆಯೇ ಈ ಮಾತು ಹೇಳಿದಳು. ಎಪ್ಪತ್ತು ದಾಟಿದ ಹೆಂಗಸು. ಗಂಡ ಸತ್ತ ಮೇಲೂ ಮೀರ್‌ಹ್ಯಾಚ್ ಹಳ್ಳಿಯ ಸ್ವಾನ್ ಪಬ್ಬನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಬಾಗಿಲು ತಳ್ಳಿಕೊಂಡು ಬಂದ ಗಂಡಸರೆಲ್ಲ ಅವಳಿಗೆ ರಾಜರೇ. ಪಬ್ಬನ್ನು ಮುಚ್ಚಿಸಲೆಂದು ಅದರ ಒಡೆತನದ ಕಂಪನಿ ಕಳಿಸಿದ ನೆವಿಲ್ ಕ್ರೌಚ್‌ನಿಗೂ ಆ ಮರ್ಯಾದೆಯಲ್ಲಿ ಕಡಿಮೆ ಮಾಡಿರಲಿಲ್ಲ.

ನೆವಿಲ್ ನಕ್ಕ. "ಯಾಕೆ? ಒಳಗೆ ಹಿಂದಿನ ಯಜಮಾನ್ರು ಕೂತಿದಾರಾ?"

"ಕೂತಿದ್ರೆ ಇಳಿಸಿ ಒಂದು ಗ್ಲಾಸು ಕುಡಿಸ್ತಿದ್ದೆ."

"ಹಾಕ್ಲಿ ಬಿಡವ್ವಾ," ಎಂದ ಬೆಂಕಿಯ ಪಕ್ಕ ಕಾಲು ಚಾಚಿ ಕೂತಿದ್ದ ಪರ್ಸಿ ಲಾಕ್‌ಯರ್. ಕಾಲುವೆಗಳಲ್ಲಿ ಹಾವುಮೀನು ಹಿಡಿದು ಬದುಕಿದ ಮುದುಕ ಅವನು. ಮಧ್ಯಾಹ್ನಕ್ಕೆ ಅವನೊಬ್ಬನೇ ಗಿರಾಕಿ. "ಕಂಪನಿಯೋರ ಕೈ ಇನ್ನೆಲ್ಲಿ ಹೋಗಿಲ್ಲ? ನಮ್ಮ ಜೇಬು ಆಯ್ತು, ಹೊಗೆಗೂಡೊಂದು ಬಾಕಿ." ತನ್ನ ತಮಾಷೆಗೆ ತಾನೇ ನಕ್ಕವನು ಆಮೇಲೆ ದನಿ ಇಳಿಸಿದ. "ಆದ್ರೂ ಯಜಮಾನ್ರೇ, ಅವಳ ಮಾತು ಕೇಳಿ. ಅದ್ರೊಳಗಿರೋದು ಮಾಟದ ಸಾಮಾನು."

"ಮಾಟ ತಗಲೋಕೆ ಮೈಯಲ್ಲಿ ಏನಾದ್ರೂ ಉಳಿದಿರ್ಬೇಕಲ್ಲ, ಅಜ್ಜಾ," ಎಂದು ನೆವಿಲ್ ಅಳತೆಪಟ್ಟಿ ಬಿಚ್ಚಿದ.

ಅವನು ಹಾಗೆ ಹೇಳಿದ್ದು ಚೇಷ್ಟೆಗಾದರೂ ಮಾತು ಸುಳ್ಳಾಗಿರಲಿಲ್ಲ. ಹಲವು ವರ್ಷಗಳಿಂದ ಅವನ ಮೈ ಸ್ವಲ್ಪ ಸ್ವಲ್ಪವಾಗಿ ಸತ್ತುಹೋಗುತ್ತಿತ್ತು. ಮೊದಲು ಪಾದಗಳು ಮರಗಟ್ಟಿದವು. ಬೂಟಿನೊಳಗೆ ಕಲ್ಲು ಹೊಕ್ಕರೆ ಸಂಜೆ ಕಾಲುಚೀಲದ ರಕ್ತ ಕಂಡಾಗಲೇ ಅವನಿಗೆ ತಿಳಿಯುತ್ತಿತ್ತು. ಆಮೇಲೆ ಕೈಗಳು. ಸಕ್ಕರೆ ಕಾಯಿಲೆ ಇರಬಹುದೆಂದು ಡಾಕ್ಟರರು ರಕ್ತ ನೋಡಿದರು, ಸಕ್ಕರೆ ಇರಲಿಲ್ಲ. ನರದ ದೋಷ ಎಂದರು, ಮಾತ್ರೆ ಕೊಟ್ಟರು, ಮಾತ್ರೆ ಬದಲಿಸಿದರು. ಆಮೇಲೆ ಒಳಗಿನದೂ ಹೋಯಿತು. ಅದಕ್ಕೆ ಅವನು ಯಾವ ಡಾಕ್ಟರರ ಹತ್ತಿರವೂ ಹೋಗಲಿಲ್ಲ. ಏನು ಕಳೆದಿದೆಯೆಂದು ಹೇಳುವುದಕ್ಕೂ ಅದು ಸ್ವಲ್ಪವಾದರೂ ಇರಬೇಕಾಗುತ್ತದೆ. ಹೆಂಡತಿ ಡಿಲಿಸ್ ತೀರಿಕೊಂಡಾಗ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಗಟ್ಟಿ ಮನುಷ್ಯ ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಆ ತಟ್ಟಿದ ಸದ್ದು ಕೇಳಿಸಿತು, ಅಷ್ಟೇ.

ಇದೆಲ್ಲಕ್ಕೂ ಅವನು ಹೊಂದಿಕೊಂಡಿದ್ದ. ಹೊಂದಿಕೊಳ್ಳಲಾಗದ್ದು ಈಚೆಗೆ ನಡೆದಿತ್ತು. ಮಗಳು ಲಿನೆಟ್‌ಗೆ ಹೆಣ್ಣುಮಗು ಹುಟ್ಟಿತು. ಮೇಬಲ್ ಎಂದು ಹೆಸರು. "ಎತ್ಕೋ ಅಪ್ಪಾ, ತಾತ ಆಗಿದೀಯ" ಎಂದು ಲಿನೆಟ್ ಬೆಚ್ಚಗೆ ಸುತ್ತಿದ ಮಗುವನ್ನು ಅವನ ಕೈಯಲ್ಲಿಟ್ಟಳು. ತೂಕವಿಲ್ಲ, ಬಿಸಿಯಿಲ್ಲ, ಒಳಗೆ ಯಾವ ಅಲುಗಾಟವೂ ಇಲ್ಲ. ಜಾರಿಬಿಡಬಹುದೆಂದು ಕಣ್ಣಿಟ್ಟು ನೋಡುತ್ತಲೇ ಹಿಡಿದುಕೊಂಡಿದ್ದ. ಲಿನೆಟ್ ಅವನ ಮುಖವನ್ನೇ ನೋಡುತ್ತಿದ್ದಳು, ಆಮೇಲೆ ಮಗುವನ್ನು ವಾಪಸ್ ತೆಗೆದುಕೊಂಡಳು. ಅಂದಿನಿಂದ ಅವನಿಗೆ ಒಂದೇ ಒಂದು ಬೇಕಾಗಿತ್ತು: ಇನ್ನೊಂದು ಸಲ ಆ ಮಗುವನ್ನು ಎತ್ತಿಕೊಂಡಾಗ ಎತ್ತಿಕೊಂಡಿದ್ದೇನೆಂದು ಗೊತ್ತಾಗಬೇಕು. ಬೇಕು ಎನ್ನುವುದೂ ದೂರದ ಕೋಣೆಯಲ್ಲಿ ಯಾರೋ ಆಡಿದ ಮಾತಿನಂತಿತ್ತು. ಆದರೆ ಇತ್ತು.

ಮೀರ್‌ಹ್ಯಾಚ್ ಪಕ್ಕದ ನದಿಯ ದಾರಿಯುದ್ದಕ್ಕೂ ಹಿಂದೆ ನಾಲ್ಕು ಸ್ವಾನ್‌ಗಳಿದ್ದವು. ಒಂದೇ ಮನೆತನದವರು ಕಟ್ಟಿಸಿದವು, ನಾಲ್ಕರ ಹೆಸರಿನ ಹಲಗೆಯ ಮೇಲೂ ಒಂದೇ ಕೈ ಬರೆದ ಒಂದೇ ಹಂಸ. ಉಳಿದ ಮೂರನ್ನೂ ಮುಚ್ಚಿಸಿದ್ದು ನೆವಿಲ್. ಆಡ್‌ಕೂಂಬ್‌ನದು ಈಗ ಬಾಡಿಗೆ ಮನೆಗಳಾಗಿದೆ. ಬೀರು ಸುರಿಯುತ್ತಿದ್ದ ಜಾಗದಲ್ಲಿ ಯಾರದೋ ಬಚ್ಚಲು. ಸ್ಟಾತ್‌ವೆಲ್‌ನದು ನೆಲಗಂಬಳಿ ಮಾರುವ ಅಂಗಡಿಯಾಯಿತು, ಅದೂ ನಡೆಯದೆ ಈಗ ಹಲ್ಲಿನ ಆಸ್ಪತ್ರೆ. ಲಾಂಗ್‌ವಿದಿಯದನ್ನು ಕೊಳ್ಳುವವರೇ ಬರಲಿಲ್ಲ. ಕಿಟಕಿಗೆ ಹಲಗೆ ಹೊಡೆಸಿಕೊಂಡು ಎರಡು ಚಳಿಗಾಲ ನಿಂತಿದ್ದು ಆಮೇಲೆ ಚಾವಣಿ ಕುಸಿದು ಪಾರಿವಾಳದ ಗೂಡಾಗಿದೆ. ಕುಡಿಯುವವರೇ ಇಲ್ಲದ ಮೇಲೆ ಏನು ಮಾಡುವುದು? ನೆವಿಲ್ ಕೆಟ್ಟವನಲ್ಲ. ಮುಚ್ಚುವ ದಿನ ತಾನೇ ನಿಂತು ಹಲಗೆ ಇಳಿಸುತ್ತಿದ್ದ, ಯಜಮಾನನ ಕೈ ಕುಲುಕುತ್ತಿದ್ದ.

ಮುಚ್ಚುವ ಮೊದಲು ಅವನು ತಪ್ಪದೆ ಮಾಡುವ ಕೆಲಸವೊಂದಿತ್ತು. ಹಳೆಯ ಕಟ್ಟಡಗಳನ್ನು ಕಾಪಾಡುವ ಇಲಾಖೆಯವರು ಬರುವುದಕ್ಕಿಂತ ಮುಂಚೆಯೇ ಹೊಗೆಗೂಡಿನೊಳಗೆ ಕೈಯಾಡಿಸಿ ನೋಡುವುದು. ಒಳಗೆ ಹಳೇ ಕಾಲದ ಓಕ್ ತೊಲೆಯೋ ರೊಟ್ಟಿಯ ಗೂಡೋ ಇದ್ದರೆ ಆ ಕಟ್ಟಡದ ಒಂದು ಇಟ್ಟಿಗೆ ಅಲುಗಿಸಲೂ ಇಲಾಖೆ ಬಿಡುವುದಿಲ್ಲ. ಇದ್ದರೆ ಅವರಿಗಿಂತ ಮೊದಲು ತನಗೆ ಗೊತ್ತಿರಬೇಕು. ಹಾಗಾಗಿ ಓಲಿವ್ ಬೇಡವೆಂದ ಜಾಗವೇ ಅವನು ಮುಖ್ಯವಾಗಿ ನೋಡಬೇಕಾದ ಜಾಗವಾಗಿತ್ತು.

ನವೆಂಬರಿನ ಮಧ್ಯಾಹ್ನ ಬೇಗನೆ ಕಪ್ಪಾಗತೊಡಗಿತು. ಪರ್ಸಿ ಟೋಪಿ ಹಾಕಿಕೊಂಡು ಎದ್ದ. ಬಾಗಿಲ ಬಳಿ ನಿಂತು ಅಗ್ಗಿಷ್ಟಿಕೆಯ ಕಡೆಗೊಮ್ಮೆ, ನೆವಿಲ್‌ನ ಕಡೆಗೊಮ್ಮೆ ನೋಡಿ, ಹೊರಗೆ ಹೋದ. ಓಲಿವ್ ಸೇಬಿನ ಮದ್ಯದ ಪೀಪಾಯಿ ಬದಲಿಸಬೇಕೆಂದು ನೆಲಮಾಳಿಗೆಗೆ ಇಳಿದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲ ಕೆಳಗೆ ಕರಗಿತು. ಪಬ್ಬಿನಲ್ಲಿ ಉಳಿದದ್ದು ಬೆಂಕಿಯ ಉಸಿರು. ಸೌದೆಯ ಬದಲಿಗೆ ಹಾಕಿದ್ದ ಜೌಗುಮಣ್ಣಿನ ಒಣ ಹೆಂಟೆಗಳು ಉರಿಯದೆ, ಆರದೆ, ಒಳಗೊಳಗೇ ಬೇಯುತ್ತಿದ್ದವು. ಹುಳಿ ಸೇಬಿನ ವಾಸನೆ, ಮಸಿಯ ವಾಸನೆ, ಅದರ ಅಡಿಯಲ್ಲಿ ಸಿಹಿಯಾಗಿ ಕೊಳೆತ ಇನ್ನೊಂದು ವಾಸನೆ.

ನೆವಿಲ್ ಮೊಣಕಾಲೂರಿದ. ಬೆಂಕಿಯ ಪಕ್ಕದಿಂದ ತಲೆ ಒಳಗೆ ತೂರಿಸಿದ. ಮೇಲೆ ಕಗ್ಗತ್ತಲು. ಗಾಳಿ ಎಲ್ಲೋ ಎತ್ತರದಲ್ಲಿ ಹೂಂಕರಿಸಿ ಸುಮ್ಮನಾಗುತ್ತಿತ್ತು. ಬಲಗೈಯಲ್ಲಿ ಟಾರ್ಚು ಹಿಡಿದು, ಎಡಗೈ ಊರಿಕೊಂಡು ಮೇಲೆ ನೋಡಿದ. ತೊಲೆ ಇತ್ತು. ತೊಲೆಯ ಮೇಲೆ ಸಾಲಾಗಿ ಏನೋ ಇದ್ದವು, ಜಾಯಿಕಾಯಿಯಷ್ಟಕ್ಕೆ ಮುರುಟಿಹೋದ ಕರಿಯ ಉಂಡೆಗಳು. ಬೆಳಕಿಗೆ ಅವು ಮಿನುಗಿದವು. ಮಿನುಗಿದ್ದು ಗುಂಡುಸೂಜಿಗಳ ತಲೆ.

ಅಷ್ಟರಲ್ಲಿ ಮಾಂಸ ಸುಡುವ ವಾಸನೆ ಬಂತು. ಓಲಿವ್ ರಾತ್ರಿಗೆ ಏನೋ ಹುರಿಯುತ್ತಿದ್ದಾಳೆ ಎಂದುಕೊಂಡ. ಅವಳು ನೆಲಮಾಳಿಗೆಯಲ್ಲಿದ್ದಾಳೆ ಎಂದು ನೆನಪಾಯಿತು. ಕೆಳಗೆ ನೋಡಿದ. ಅವನ ಎಡಗೈ ಬೆಂಕಿಯ ಪಕ್ಕದ ಕಾದ ಕಬ್ಬಿಣದ ತಟ್ಟೆಯ ಮೇಲಿತ್ತು. ಅಂಗೈಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

ಕೈ ಎತ್ತಿದ. ಚರ್ಮದ ಒಂದು ಚೂರು ಕಬ್ಬಿಣಕ್ಕೆ ಅಂಟಿಕೊಂಡು ಉಳಿಯಿತು. ನೋವಿಲ್ಲ. ಬೇರೆಯವರ ಕೈಯನ್ನು ನೋಡುವಂತೆ ಅದನ್ನು ನೋಡಿ, ಕರವಸ್ತ್ರ ಸುತ್ತಿ, ಮತ್ತೆ ತೊಲೆಯ ಕಡೆ ಟಾರ್ಚು ಹಿಡಿದ.

ಸಾಲಿನ ತುದಿಯ ಮೂರು ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಸಿಪ್ಪೆಯಲ್ಲಿ ಹಳದಿ ಉಳಿದಿತ್ತು. ಈರುಳ್ಳಿಗಳು. ಸೂಜಿಗಳು ಒಂದೊಂದರಲ್ಲೂ ಏನನ್ನೋ ಚುಚ್ಚಿ ಹಿಡಿದಿದ್ದವು. ಮೊದಲನೆಯದರಲ್ಲಿ ಹಸಿರು ಉಣ್ಣೆಯ ಒಂದು ತುಂಡು. ಡಿಲಿಸ್ ಹೆಣೆದು ಕೊಟ್ಟ ಕೈಗವಸಿನ ಉಣ್ಣೆ; ಆ ಜೋಡಿಯಲ್ಲಿ ಒಂದು ಆಡ್‌ಕೂಂಬ್‌ನಲ್ಲಿ ಹಲಗೆ ಇಳಿಸಿದ ದಿನ ಕಳೆದಿತ್ತು. ಎರಡನೆಯದರಲ್ಲಿ ಅವನ ಕಂದು ಕೋಟಿನ ಗುಂಡಿ. ಮೂರನೆಯದರಲ್ಲಿ ನರೆತ ಕೂದಲು ಅಂಟಿದ ಟೋಪಿಯ ಒಳಪಟ್ಟಿ.

ಮೂರನ್ನೂ ತೆಗೆದುಕೊಂಡು ಅವನು ಹೊರಗೆ ಬಂದು ನೆಲದ ಮೇಲೆ ಕೂತ. ಓಲಿವ್ ಮೆಟ್ಟಿಲ ಬಾಯಲ್ಲಿ ನಿಂತಿದ್ದಳು.

ಅವಳು ಕೂಗಾಡಲಿಲ್ಲ. ಅವನ ಸುಟ್ಟ ಕೈಯನ್ನು ನೋಡಿ, ಬೆಣ್ಣೆಯನ್ನೂ ಬಟ್ಟೆಯನ್ನೂ ತಂದು, ಎದುರಿಗೆ ಕೂತು, ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಸ್ವಾನ್‌ಗೆ ಬೀಗ ಹಾಕಿಸಲು ಬಂದವರ ವಸ್ತುವೊಂದನ್ನು ಹೀಗೆ ಈರುಳ್ಳಿಗೆ ಚುಚ್ಚಿ ಹೊಗೆಗಿಡುವುದು ಅವಳ ಮುತ್ತಜ್ಜನ ಕಾಲದಿಂದಲೂ ಇತ್ತಂತೆ. ಕುಡಿತ ಬಿಡಿಸಲು ಬಂದ ಪಾದ್ರಿ, ಪರವಾನಗಿ ಕಿತ್ತುಕೊಂಡ ನ್ಯಾಯಾಧೀಶ, ಎಲ್ಲರೂ ಆ ತೊಲೆಯ ಮೇಲಿದ್ದಾರೆ. ಈರುಳ್ಳಿ ಹೊಗೆಯಲ್ಲಿ ಒಣಗಿದ ಹಾಗೆ ಆ ಮನುಷ್ಯನೂ ಒಣಗುತ್ತಾನೆ. ಒಂದು ಸ್ವಾನ್ ಮುಚ್ಚಿದರೆ ಅದರ ಯಜಮಾನ ಒಲೆಯ ಕೆಂಡವನ್ನೂ ಈರುಳ್ಳಿಯನ್ನೂ ಉಳಿದ ಸ್ವಾನ್‌ಗೆ ಹೊತ್ತು ತರಬೇಕು. ಹೀಗೆ ಮೂರು ಊರಿನ ಬೆಂಕಿಯೂ ಮೂರು ಊರಿನ ಸಿಟ್ಟೂ ಅವಳ ಒಲೆಗೆ ಬಂದು ಸೇರಿದ್ದವು.

"ಆಡ್‌ಕೂಂಬ್‌ನೋನು ನಿಮ್ಮ ಕಾಲು ತಗೊಂಡ. ಸ್ಟಾತ್‌ವೆಲ್‌ನೋನು ಕೈ. ಲಾಂಗ್‌ವಿದಿಯೋನಿಗೆ ಸಿಟ್ಟು ಜಾಸ್ತಿ, ಅವನು ಎದೇನೇ ಕೇಳ್ದ."

"ನಾಲ್ಕನೇದು?" ಎಂದ ನೆವಿಲ್.

"ನಾನು ಮಾಡ್ಲಿಲ್ಲ." ಅವಳು ಬಟ್ಟೆಯ ಗಂಟು ಬಿಗಿದಳು. "ನಿಮ್ಮ ಕಾಗದ ಬಂದ ದಿನ ಈರುಳ್ಳಿ ಆರಿಸಿ ಇಟ್ಟಿದ್ದೆ, ಸುಳ್ಳು ಹೇಳಲ್ಲ. ಮೂರು ದಿನ ಕಟ್ಟೆ ಮೇಲಿತ್ತು. ಕೊನೇಗೆ ಸಾರಿಗೆ ಹಾಕ್ಬಿಟ್ಟೆ."

ನೆವಿಲ್‌ಗೆ ನಗಬೇಕೆಂದು ತೋರಿತು. ಬಾಯಿ ಮಾತ್ರ ನಕ್ಕಿತು. ಆಮೇಲೆ ಅವನು ಕೇಳಬೇಕಾದ್ದನ್ನು ಕೇಳಿದ: ಸೂಜಿ ತೆಗೆದರೆ?

"ತೆಗೆದ್ರೆ ಬರುತ್ತೆ," ಎಂದಳು ಓಲಿವ್. "ಹೋದದ್ದೆಲ್ಲಾ, ಹೋದ ಹಾಗೇ ಸಾಲಾಗಿ ಒಂದರ ಹಿಂದೊಂದು ಬರುತ್ತೆ. ಇದು ಬೇಕು ಇದು ಬೇಡ ಅಂತ ಆರಿಸ್ಕೊಳ್ಳೋಕಾಗಲ್ಲ. ಆದ್ರೆ ಒಂದು ಕೇಳಿ, ರಾಜಾ. ತೆಗೆದ ಮೇಲೆ ತಡ್ಕೊಳ್ಳಿ. ಮತ್ತೆ ಚುಚ್ಬೇಡಿ. ಬೇರೆಯೋರು ಚುಚ್ಚಿದ್ದನ್ನ ತೆಗೀಬಹುದು. ತನ್ನ ಕೈಯಾರೆ ಚುಚ್ಕೊಂಡಿದ್ದನ್ನ ತೆಗೆಯೋರು ಯಾರೂ ಇಲ್ಲ."

"ಯಾರಿಗೆ ಬೇಕು ಮತ್ತೆ ಚುಚ್ಚೋದು?" ಎಂದ ನೆವಿಲ್. ಅವನ ಕಣ್ಣ ಮುಂದೆ ಇದ್ದದ್ದು ಲಿನೆಟ್ ಮಗುವನ್ನು ವಾಪಸ್ ತೆಗೆದುಕೊಂಡ ರೀತಿ.

ಮೊದಲ ಈರುಳ್ಳಿಯ ಸೂಜಿಗಳನ್ನು ಉಗುರಿನಿಂದ ಎಳೆದ. ಒಂದೊಂದನ್ನೂ ಓಲಿವ್ ಬೆಣ್ಣೆ ತಂದಿದ್ದ ಬಟ್ಟಲಿಗೆ ಹಾಕಿದ. ಕೊನೆಯದು ಹೊರಬಂದ ಕ್ಷಣ ಕಾಲುಗಳು ಎಚ್ಚೆತ್ತವು. ಕಲ್ಲು, ಮೊಳೆ, ಹಿಮ, ಬೊಬ್ಬೆ. ವರ್ಷಗಳ ನಡಿಗೆಯೆಲ್ಲ ಒಟ್ಟಿಗೆ ಅಂಗಾಲಿಗೆ ಬಂತು. ಅವನು ಹಲ್ಲು ಕಚ್ಚಿದ. ತಡೆದುಕೊಂಡ. ಬೂಟಿನ ಅಡಿಯಿಂದಲೂ ನೆಲದ ತಂಪು ಗೊತ್ತಾಯಿತು. ಕಲ್ಲುನೆಲ ಎಷ್ಟು ತಂಪು. ಅದು ಗೊತ್ತಾದದ್ದೇ ಸಾಕೆನ್ನಿಸಿತು. ಎರಡನೆಯದನ್ನು ತೆಗೆದುಕೊಂಡ. ಓಲಿವ್ ಅವನ ಭುಜ ಹಿಡಿದು ಸ್ವಲ್ಪ ಸುಧಾರಿಸಿಕೊಳ್ಳಿ ಎಂದಳು. ಅವನು ಕೇಳಲಿಲ್ಲ.

ಕೈ ಬಂತು. ಮೊದಲು ಚೂರಿಯ ಹಳೆ ಗಾಯಗಳು, ಬಾಗಿಲಿಗೆ ಸಿಕ್ಕಿದ ಬೆರಳು. ಆಮೇಲೆ ಇವತ್ತಿನ ಬೆಂಕಿ. ಅವನು ಕೂಗಿದ. ತನ್ನ ಕೂಗು ತನಗೇ ಹೊಸದಾಗಿ ಕೇಳಿಸಿತು. ಸುಟ್ಟ ಅಂಗೈಯನ್ನು ಎದೆಗೆ ಒತ್ತಿ ಹಿಡಿದು ಅಳುತ್ತಲೂ ನಗುತ್ತಲೂ ಮೂರನೆಯದರ ಸೂಜಿಗಳನ್ನು ಹಲ್ಲಿನಿಂದ ಕಚ್ಚಿ ಎಳೆದ.

ಒಂದು ಗಳಿಗೆ ಏನೂ ಇಲ್ಲ. ಬೆಂಕಿ ಚಟ್ ಎಂದಿತು.

ಆಮೇಲೆ ಅವನ ಬಲಗೈಯೊಳಗೆ ಒಂದು ಕೈ ಇತ್ತು.

ಅಲ್ಲಿ ಯಾರೂ ಇರಲಿಲ್ಲ. ಓಲಿವ್ ಎಡಕ್ಕೆ ಕೂತಿದ್ದಳು. ಬಲಗಡೆ ಬರಿಯ ಕತ್ತಲು. ಆದರೂ ಕೈ ಇತ್ತು. ಸಣ್ಣದು. ಬೆರಳ ತುದಿ ಸೂಜಿಗೆಲಸದಿಂದ ಒರಟಾದದ್ದು. ಡಿಲಿಸ್‌ಳ ಕೈ. ಆಸ್ಪತ್ರೆಯ ಆ ದಿನದ ಕೈ. ಅಂದು ಇಡೀ ಹಗಲು ಅವನು ಅದನ್ನು ಹಿಡಿದುಕೊಂಡು ಕೂತಿದ್ದ. ಹಿಡಿದಿದ್ದೇನೆಂದು ಕಣ್ಣಿಗೆ ಮಾತ್ರ ಗೊತ್ತಿತ್ತು. ಕಿಟಕಿಯಾಚೆ ನೋಡುತ್ತಿದ್ದಾಗ ಅವಳು ಹೋಗಿದ್ದಳು. ನರ್ಸ್ ಬಂದು ಹೇಳಿದ ಮೇಲೆಯೇ ಅವನಿಗೆ ತಿಳಿದದ್ದು.

ಕೈ ಅಮುಕಿತು.

ಅಂದು ಅವಳು ಅಮುಕಿದ್ದಳು. ಅವನಿಗೆ ಗೊತ್ತೇ ಆಗಿರಲಿಲ್ಲ. ಮತ್ತೆ ಅಮುಕಿತು. ತಡೆಯಿತು, ಕಾದಿತು. ಉತ್ತರಕ್ಕೆ ಕಾದಿತು. ಅವನು ಈಗ ಅಮುಕಿದ, ಮುಷ್ಟಿ ಗಾಳಿಯನ್ನು ಹಿಂಡಿತು. ಮತ್ತೆ ಅಮುಕಿತು. ಈ ಸಲ ಹೆದರಿಕೆ ಇತ್ತು ಅದರಲ್ಲಿ. ಇದ್ದೀಯಾ ಎಂದಿತು. ಇದ್ದೀಯಾ. ಅವನು ಇದ್ದೇನೆ ಡಿಲಿಸ್, ಕೈ ಹಿಡಿದಿದ್ದೇನೆ ಎಂದು ಕಿರುಚಿದ. ಓಲಿವ್ ಅವನನ್ನು ತಬ್ಬಿ ಹಿಡಿದಳು. ಕೈಗೆ ಕಿವಿಯಿಲ್ಲ. ಅಮುಕಿತು, ಸೋತಿತು, ಅಮುಕಿತು. ಬೆರಳ ತುದಿ ತಣ್ಣಗಾಯಿತು. ತಣುವು ಗೆಣ್ಣಿಗೆ ಏರಿತು. ಅಂಗೈಗೆ ಬಂತು. ಹಿಡಿದಲ್ಲೇ, ಅವನ ಬಿಸಿ ಕೈಯೊಳಗೇ, ಸ್ವಲ್ಪ ಸ್ವಲ್ಪವಾಗಿ, ಯಾವ ಅವಸರವೂ ಇಲ್ಲದೆ.

"ತಡ್ಕೊಳ್ಳಿ, ರಾಜಾ. ಮುಗೀತಾ ಬಂತು. ಇನ್ನೊಂದು ಚೂರು."

ಅವನು ಬಟ್ಟಲಿಗೆ ಕೈ ಹಾಕಿದ. ಸೂಜಿಗಳು ಬೆರಳಿಗೆ ಚುಚ್ಚಿದವು. ಹಿಡಿಯಷ್ಟು ತೆಗೆದ. ಮೂರನೆಯದಕ್ಕೆ ಒತ್ತಿದ. ಕರಕರ ಎಂದು ಈರುಳ್ಳಿಯೊಳಕ್ಕೆ ಇಳಿದವು. ಓಲಿವ್ ಅವನ ಮಣಿಕಟ್ಟು ಹಿಡಿದು ಎಳೆದಳು. ಅವಳನ್ನು ನೂಕಿದ. ಎರಡನೆಯದು. ಮೊದಲನೆಯದು. ಒಂದು ಸೂಜಿಯನ್ನೂ ಉಳಿಸಲಿಲ್ಲ.

ಕೈ ಹೋಯಿತು. ತಣುವು ಹೋಯಿತು. ಅಂಗೈಯ ಉರಿ ಹೋಯಿತು. ನೆಲ ಎಲ್ಲಿದೆಯೆಂದು ನೋಡಿ ತಿಳಿದುಕೊಳ್ಳಬೇಕಾಯಿತು.

ಓಲಿವ್ ಬಿದ್ದಲ್ಲಿಂದ ಎದ್ದು ಕೂತಳು. "ಅದಾದ್ಮೇಲೆ ಏನಿತ್ತು?" ಎಂದು ಕೇಳಿದಳು. "ನಿಮ್ಮ ಹೆಂಡ್ತೀದು ಮುಗಿದ್ಮೇಲೆ, ಸಾಲಿನಲ್ಲಿ?"

ನೆವಿಲ್ ಯೋಚಿಸಿದ. ಡಿಲಿಸ್ ಹೋದ ಮೇಲೆ ಅವನ ಬದುಕಿನಲ್ಲಿ ಬರುವಂಥದ್ದು ಹೆಚ್ಚೇನೂ ಇರಲಿಲ್ಲ. "ಮೊಮ್ಮಗಳು," ಎಂದ. "ಹುಟ್ಟಿದ ಮಾರನೇ ದಿನ ಎತ್ಕೊಂಡಿದ್ದೆ."

ಓಲಿವ್ ಸೆರಗಿನಂತೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮೂರು ಈರುಳ್ಳಿಗಳನ್ನೂ ತೆಗೆದುಕೊಂಡು ಹೋಗಿ ತೊಲೆಯ ಮೇಲೆ, ಅವು ಇದ್ದ ಜಾಗದಲ್ಲೇ ಇಟ್ಟಳು. ಒಲೆ ಆರಬಾರದು ಎಂದಳು. ಹೊಗೆ ನಿಂತರೆ ತೇವ ಹತ್ತುತ್ತದೆ, ತೇವ ಹತ್ತಿದರೆ ಕೊಳೆಯುತ್ತವೆ, ಕೊಳೆತರೆ ಸೂಜಿಗಳು ತಾವಾಗಿ ಉದುರಿ ಆ ಕೈ ಮತ್ತೆ ಬರುತ್ತದೆ, ತಾನು ಹಿಡಿದಲ್ಲಿಂದಲೇ. ಆಗ ಅದರಾಚೆಗೆ ಏನೂ ಇರುವುದಿಲ್ಲ. ತಾನಾಗಿ ಚುಚ್ಚಿಕೊಂಡವನ ಸಾಲು ಅಲ್ಲಿಗೇ ಕಡಿದಿರುತ್ತದೆ.

ನೆವಿಲ್ ಇಲಾಖೆಗೆ ಬರೆದ. ಹೊಗೆಗೂಡಿನಲ್ಲಿ ಬಹಳ ಹಳೆಯ ಓಕ್ ತೊಲೆಯಿದೆ, ಮುಟ್ಟಬಾರದು ಎಂದ. ಅವರು ಬಂದು ನೋಡಿ ಕಟ್ಟಡಕ್ಕೆ ರಕ್ಷಣೆ ಕೊಟ್ಟರು. ಕಂಪನಿಗೆ ಸ್ವಾನ್ ಬೇಡವಾಯಿತು. ಅವನು ಕೆಲಸ ಬಿಟ್ಟು, ಮನೆ ಮಾರಿ, ಅದನ್ನು ತಾನೇ ತೆಗೆದುಕೊಂಡ. ಓಲಿವ್ ಸಮುದ್ರದ ಕಡೆಗೆ, ತಂಗಿಯ ಮನೆಗೆ ಹೊರಟಳು. ಹೋಗುವಾಗ ಅವನ ಕೆನ್ನೆ ಮುಟ್ಟಿದಳು. ಮುಟ್ಟಿದ್ದನ್ನು ಅವನು ಕನ್ನಡಿಯಲ್ಲಿ ನೋಡಿದ. ಊರವರಿಗೆ ಖುಷಿಯಾಯಿತು. ನಾಲ್ಕರಲ್ಲಿ ಒಂದಾದರೂ ಉಳಿಯಿತಲ್ಲ ಎಂದರು. ಪರ್ಸಿ ಮಾತ್ರ ಬೆಂಕಿಯ ಪಕ್ಕದ ಬೆಂಚು ಬಿಟ್ಟು ಬಾಗಿಲ ಪಕ್ಕದಲ್ಲಿ ಕೂರತೊಡಗಿದ.

ವಸಂತದಲ್ಲಿ ಲಿನೆಟ್ ಬಂದಳು. ಮೇಬಲ್ ಆಗಲೇ ಕತ್ತು ನಿಲ್ಲಿಸುತ್ತಿದ್ದಳು. ಅಪ್ಪ ಕೊನೆಗೂ ಒಂದು ಕಡೆ ನೆಲೆಯಾದನೆಂದು ಲಿನೆಟ್‌ಗೆ ಸಮಾಧಾನವಿತ್ತು. ಈ ಸಲ ಕೇಳದೆಯೇ ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದಳು. ಮಗು ಅವನ ಬೆರಳು ಹಿಡಿದುಕೊಂಡಿತು. ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ಅವನ ಮುಖ ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು.

"ಹೇಗಿದಾಳೆ ಅಪ್ಪಾ?" ಎಂದಳು ಲಿನೆಟ್.

ಇಂಥ ಹೊತ್ತಿನಲ್ಲಿ ಜನ ಏನು ಹೇಳುತ್ತಾರೆಂದು ನೆವಿಲ್ ನೆನಪಿಸಿಕೊಂಡ. "ಭಾರ ಆಗಿದಾಳೆ," ಎಂದ.

ಲಿನೆಟ್‌ಳ ಕಣ್ಣು ತುಂಬಿ ಬಂತು. ಅವಳು ಫೋಟೊ ತೆಗೆಯಲು ಫೋನ್ ಹುಡುಕತೊಡಗಿದಳು. ಅಷ್ಟರಲ್ಲಿ ಅಗ್ಗಿಷ್ಟಿಕೆಯೊಳಗೆ ಒಂದು ಹೆಂಟೆ ಕುಸಿದು ಹೊಗೆ ತೆಳ್ಳಗಾಯಿತು. ನೆವಿಲ್ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಇವಳನ್ನ ಹಿಡ್ಕೋ," ಎಂದ. "ನಾನು ಬೆಂಕಿ ನೋಡ್ಬೇಕು."